ಕುಂಕುಮದ ಮೀನು

ರಾಯದುರ್ಗದಿಂದ ಬೆಳಿಗ್ಗೆ ಬಂಡಿ ಹೂಡಿದರೆ ಮಧ್ಯಾಹ್ನದ ಊಟಕ್ಕೆ ತಲುಪುವಷ್ಟು ದೂರದಲ್ಲಿ ನನ್ನ ತವರು. ಕುರಿ, ಹೊಲ, ಬಿಸಿಲು ಬಿಟ್ಟರೆ ಹೇಳಿಕೊಳ್ಳಲು ನಮ್ಮೂರಿಗೆ ಇದ್ದದ್ದು ಒಂದೇ, ಕುಂಕುಮದ ಮೀನು. ಕಿರುಬೆರಳಿನಷ್ಟು ಉದ್ದ, ಬೆಳ್ಳಿ ಮೈ, ಬಾಲದ ಬುಡದಲ್ಲಿ ಒಂದು ಕೆಂಪು ಚುಕ್ಕೆ. ನಮ್ಮ ಕೆರೆ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಅದು ಸಿಗುವುದಿಲ್ಲವೆಂದು ಊರವರು ಎದೆ ಉಬ್ಬಿಸಿ ಹೇಳುತ್ತಿದ್ದರು. ಅವರಲ್ಲಿ ಪಕ್ಕದ ಬೆಳುಗುಪ್ಪದ ಆಚೆಗೆ ಹೋಗಿ ಬಂದವರು ಎಷ್ಟು ಜನವೋ, ನಾನು ಕಾಣೆ. ಆದರೂ ಆ ಜಂಬ ನನಗೂ ಇತ್ತು, ಈಗಲೂ ಇದೆ.

ಆ ಮೀನನ್ನು ಯಾರೂ ತಿನ್ನುತ್ತಿರಲಿಲ್ಲ. ಮದುವೆಯಾಗಿ ಹೋಗುವ ಹುಡುಗಿಯ ಕೈಗೆ ಕೆರೆಯ ನೀರು ತುಂಬಿದ ಹಿತ್ತಾಳೆ ಚೊಂಬು ಕೊಟ್ಟು, ಅದರಲ್ಲಿ ಐದು ಮೀನು ಬಿಡುತ್ತಿದ್ದರು. ಅವನ್ನು ಗಂಡನ ಮನೆಯ ಬಾವಿಗೆ ಸೇರಿಸಬೇಕು. ಬದುಕಿದರೆ ಹುಡುಗಿ ಆ ಮನೆಗೆ ಹೊಂದಿಕೊಂಡಳು, ಸತ್ತರೆ ಅವಳ ಕಾಲ್ಗುಣ ಸರಿಯಿಲ್ಲ. ತವರಿಗೆ ಬಂದವರನ್ನು ಊರ ಮುದುಕಿಯರು ಮೊದಲು ಕೇಳುತ್ತಿದ್ದದ್ದೇ, "ಮೀನು ಅದಾವೇನವಾ?" ಎಂದು. "ಅದಾವ್ರಿ," ಎಂದು ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು.

ನನ್ನನ್ನು ಮಡಕಶಿರಾ ಕಡೆಗೆ ಕೊಟ್ಟರು. ಎಲ್ಲ ಮದ್ರಾಸು ಸರ್ಕಾರದ ಸೀಮೆಯೇ; ಆದರೂ ಅಷ್ಟು ದೂರಕ್ಕೆ ನಮ್ಮೂರಿನ ಹೆಣ್ಣು ಹೋದದ್ದಿರಲಿಲ್ಲ. ಕಲ್ಯಾಣದುರ್ಗದವರೆಗೆ ಬಂಡಿ, ಮುಂದೆ ಮೋಟಾರು. ಮೋಟಾರು ಕುಲುಕಿದಾಗಲೆಲ್ಲ ತೊಡೆಯ ಮೇಲಿದ್ದ ಚೊಂಬಿನ ನೀರು ಚೆಲ್ಲಿ ಹೊಸ ಸೀರೆ ಒದ್ದೆಯಾಯಿತು. ಪಕ್ಕದಲ್ಲಿದ್ದ ನಮ್ಮ ಯಜಮಾನರು, "ಇವು ಸಾರಿಗೂ ಸಾಲಕ್ಕಿಲ್ವಲ್ಲ," ಎಂದು ನಕ್ಕರು. ನನ್ನೊಡನೆ ಅವರು ಆಡಿದ ಮೊದಲ ಮಾತು ಅದು. ಆ ದಿನವೆಲ್ಲ ನಾನು ಅವರ ಕಡೆ ತಿರುಗಿ ನೋಡಲಿಲ್ಲ.

ಹಿತ್ತಲ ಮೆಟ್ಟಿಲುಬಾವಿಗೆ ಅತ್ತೆಯೇ ಕೈಹಿಡಿದು ಇಳಿಸಿ ಮೀನು ಬಿಡಿಸಿದರು. ಒಂದೆರಡು ದಿನ ಕಂಡವು. ಆಮೇಲೆ ಒಂದು ಹೊಟ್ಟೆ ಮೇಲಾಗಿ ತೇಲಿತು. ಅದನ್ನೆತ್ತಿ ಕನಕಾಂಬರದ ಗಿಡದ ಬುಡದಲ್ಲಿ ಹೂತೆ. ಉಳಿದವು ಕಾಣಲೇ ಇಲ್ಲ. ಈ ಮನೆಯಲ್ಲಿ ನನಗೆ ಜಾಗವಿಲ್ಲವೆಂದು ಗಟ್ಟಿಯಾಗಿ ನಂಬಿಬಿಟ್ಟೆ. ನೀರು ತರುವ ನೆಪದಲ್ಲಿ ಬಾವಿಗೆ ಬಗ್ಗಿ ನಿಲ್ಲುತ್ತಿದ್ದೆ. ತಟ್ಟೆಯ ಮುಂದೆ ಕೂತರೆ ಮುದ್ದೆ ಮುರಿದು ಹಾಗೇ ಬಿಟ್ಟು ಏಳುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತೆ ಬಾವಿಯ ಹತ್ತಿರದಿಂದ ಕೂಗಿದರು. "ಬಾರಮ್ಮಿ ಇಲ್ಲಿ. ನಿಮ್ಮೂರ ಮೀನು ಮೇಲಕ್ಕೆ ಬಂದವೆ ನೋಡು."

ಓಡಿಹೋಗಿ ನೋಡಿದೆ. ಎಳೆಬಿಸಿಲಿನ ನೀರಲ್ಲಿ ಒಂದು ಹಿಂಡೇ ಆಡುತ್ತಿತ್ತು. ಅಷ್ಟೇ ಉದ್ದ, ಅದೇ ಬೆಳ್ಳಿ ಮೈ. ಚುಕ್ಕೆ ಮಾತ್ರ ಒಂದಕ್ಕೂ ಇರಲಿಲ್ಲ. ತಲೆಯೆತ್ತಿದೆ. ಅತ್ತೆಯ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಸೆರಗಿಗೆ ಆ ಊರ ಕೆರೆಯ ಕೆಸರು ಮೆತ್ತಿತ್ತು.

"ಹೌದ್ರಿ ಅತ್ತಿ, ನಮ್ಮೂರವೇ," ಎಂದೆ.

"ಮತ್ತೆ ಉಣ್ಣಾಕೇನು ದಾಡಿ? ನಡಿ ಒಳಕ್ಕೆ," ಎಂದು ಗದರಿದರು.

ಆ ದಿನ ಹೊಟ್ಟೆ ತುಂಬ ಉಂಡೆ. ಮುಂದೆ ತವರಿಗೆ ಹೋದಾಗ ಮುದುಕಿಯರು ಕೇಳುವ ಮೊದಲೇ "ಅದಾವ್ರಿ" ಎಂದುಬಿಟ್ಟೆ. ನನ್ನಂತೆಯೇ ತವರಿಗೆ ಬಂದಿದ್ದ ಗೆಳತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನನ್ನ ಮಗಳ ಮದುವೆಯ ಹೊತ್ತಿಗೆ ಅತ್ತೆಯ ಕಣ್ಣು ಮಂಜಾಗಿತ್ತು. ತವರಿನ ಕೆರೆ ಆ ಬೇಸಿಗೆಯಲ್ಲಿ ತಳ ಕಂಡಿತ್ತು. ಮುಂದೆ ಹೊಸ ನೀರು ತುಂಬಿದರೂ ಚುಕ್ಕೆಯ ಮೀನು ಯಾರ ಕಣ್ಣಿಗೂ ಬೀಳಲಿಲ್ಲವಂತೆ.

ಮಗಳನ್ನು ಕಳಿಸುವ ದಿನ ಅತ್ತೆ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಕೈಯಲ್ಲಿ ನನ್ನದೇ ಹಿತ್ತಾಳೆ ಚೊಂಬು. "ಹಿಡಿದು ಹಾಕಮ್ಮಿ ಐದು. ನಿಮ್ಮೂರ ಮೀನಿಲ್ಲದೆ ಕೂಸು ಹೋಗಬಾರದು," ಎಂದರು.

ಸೆರಗನ್ನು ನೀರಿಗಿಳಿಸಿ ಹಿಡಿದೆ. ಮಗಳು ಚೊಂಬಿನೊಳಗೆ ಇಣುಕಿ, "ಇವಕ್ಕೆ ಚುಕ್ಕೇನೇ ಇಲ್ವಲ್ಲಮ್ಮ?" ಎಂದಳು.

ಅತ್ತೆ ಗೋಡೆಗೆ ಒತ್ತಿಕೊಂಡು ನಿಂತರು.

"ಚುಕ್ಕೆ ಆ ನೀರಿಂದು. ಮೀನು ನಮ್ಮವೇ," ಎಂದೆ.

ಅವಳು ಚೊಂಬು ಎತ್ತಿಕೊಂಡು ಒಳಗೆ ಹೋದಳು. ಅತ್ತೆ ತಡಕಾಡಿ ನನ್ನ ಕೈ ಹಿಡಿದರು. "ನಿಂಗೆ ಅವತ್ತೇ ಗೊತ್ತಾಗಿತ್ತೇನಮ್ಮಿ?"

"ಹೌದ್ರಿ ಅತ್ತಿ," ಎಂದೆ. "ನಿಮ್ಮ ಸೀರಿ ಒದ್ದಿ ಇತ್ತು."