ತೊಟ್ಟಿಲಂಗಡಿಗೆ ಪುಟವಿಟ್ಟ ತಬಸುಮ್

ಕೂಸು ಹುಟ್ಟುವ ಮೊದಲೇ ಗೂಗಲ್ ಮಾಡಿದರಂತೆ. ಹಿರಿಯರು ಹೇಳಿದ್ದು ಕುಲಾವಿ ಎಂದು. ಪಾಪ, ಅವರ ಕಾಲಕ್ಕೆ ನೆಟ್‌ವರ್ಕ್ ಇರಲಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರು ಕ್ಷಮಿಸಬೇಕು, ಗಾದೆಯನ್ನು ಕೆಡಿಸಿದ್ದು ಬೇಕಂತಲೇ. ಮುಂದೆ ಹೇಳುವ ಕಥೆಯನ್ನು ಮಾತ್ರ ಒಂದೆಳೆಯೂ ಕೆಡಿಸಿಲ್ಲ. ಅಗದಿ ಖರೇ ಕಥೆ.

ಬೆಳಗಿನ ಐದೂವರೆ. ಕಲಘಟಗಿ ತಾಲ್ಲೂಕಿನ ತಂಬೂರಿನಲ್ಲಿ ಎಮ್ಮೆಗಳಿನ್ನೂ ಎದ್ದಿಲ್ಲ, ತಬಸುಮ್ ಎದ್ದು ಮಾಳಿಗೆ ಏರಿದ್ದಾರೆ. ನೀರಿನ ಟಾಕಿಯ ಬಾಜೂಕ್ಕೆ ಮಡಚುವ ಕುರ್ಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್, ಟಾಕಿಗೆ ಆನಿಸಿಟ್ಟ ಫೋನು. ಮನೆಯೊಳಗೆ ಸಿಗ್ನಲ್ಲಿಗೆ ಒಂದೇ ಕಡ್ಡಿ, ಇಲ್ಲಿ ಮೂರು. ತೆರೆಯ ಮೇಲೆ ಒಂದು ಉದ್ದದ ಪಟ್ಟಿ ಇಳಿಯುತ್ತಿದೆ: ನಿನ್ನೆಯ ದಿನ ಎಲ್ಲೆಲ್ಲಿಯ ಜನ ಏನೇನು ಹುಡುಕಿದರು, ಹುಡುಕಿದವರಲ್ಲಿ ಎಷ್ಟು ಮಂದಿಗೆ ತಮ್ಮ ಅಂಗಡಿಗಳು ಕಂಡವು, ಕಂಡವರಲ್ಲಿ ಎಷ್ಟು ಮಂದಿ ಒಳಗೆ ಬಂದರು. ನಾಲ್ಕುನೂರಾ ಹನ್ನೆರಡು ಮಂದಿಗೆ ಕಂಡಿದೆ, ಇಪ್ಪತ್ತೊಂಬತ್ತು ಮಂದಿ ಬಂದಿದ್ದಾರೆ.

“ಮಂದಿ ಏನ್ ಕೇಳ್ಯಾರ ಅಂತ ಮೊದಲ ನಾವು ಕೇಳಬೇಕ್ರಿ” ಎನ್ನುತ್ತಾರೆ ತಬಸುಮ್, ಪಟ್ಟಿಯಿಂದ ಕಣ್ಣೆತ್ತದೆ. “ನಮ್ಮದು ಹೇಳೂದು ಆಮ್ಯಾಲೆ.”

ಮರೆಯಲ್ಲೇ ಉಳಿದು ದುಡಿಯುವವರನ್ನು ಎಲೆಮರೆಯ ಕಾಯಿ ಎನ್ನುವುದು ವಾಡಿಕೆ. ತಬಸುಮ್ ಅವರದು ಬೇರೆಯವರ ಕಾಯಿಯ ಮೇಲಿನ ಎಲೆ ಸರಿಸುವ ಉದ್ಯೋಗ. ಸಣ್ಣ ಅಂಗಡಿಗಳಿಗೂ ಈಗ ವೆಬ್‌ಸೈಟ್ ಇರುತ್ತದೆ. ಯಾರೋ ಕಟ್ಟಿಕೊಟ್ಟು ಹೋಗಿರುತ್ತಾರೆ, ಆಮೇಲೆ ಅದು ಹಾಳು ಬಾವಿಯಂತೆ ಬಿದ್ದಿರುತ್ತದೆ. ಹುಡುಕುವವರಿಗೆ ಅದು ಮೊದಲ ಪುಟದಲ್ಲೇ ಸಿಗುವಂತೆ ಮಾಡುವುದು ಇವರ ಕಸುಬು. ಚಿನ್ನಕ್ಕೆ ಪುಟವಿಟ್ಟರೆ ಬೆಲೆ, ಅಂಗಡಿಗೆ ಮೊದಲ ಪುಟ ಸಿಕ್ಕರೆ ಬೆಲೆ. ನವಲಗುಂದದ ಜಮಖಾನ, ಕುಂದಗೋಳದ ಕೆಂಪು ಮೆಣಸಿನಪುಡಿ, ಅಣ್ಣಿಗೇರಿಯ ಟ್ರೇಲರ್ ರಿಪೇರಿ, ಯರಗುಪ್ಪಿಯ ಕಡಲೆಬೇಳೆ, ಹೀಗೆ ಹನ್ನೊಂದು ಅಂಗಡಿಗಳು ಇವರ ಕೈಯಲ್ಲಿವೆ.

ವಯಸ್ಸು ಇಪ್ಪತ್ತೊಂಬತ್ತು. ಬಿ.ಕಾಂ. ಮುಗಿಸಿ ಕಲಘಟಗಿಯ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷ ಮಂದಿಯ ಅರ್ಜಿ ತುಂಬಿದವರು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಫೋನಿನ ವಿಡಿಯೋ ನೋಡಿ ನೋಡಿ ಈ ವಿದ್ಯೆ ಕಲಿತರು. ಕಲಿಯುವುದು ಸುಲಭವಾಗಿತ್ತಂತೆ, ತಿಳಿಸಿ ಹೇಳುವುದೇ ಕಠಿಣ. ಏನು ಕೆಲಸ ಎಂದು ಕೇಳಿದವರಿಗೆ ಅವರ ತಾಯಿ ಈಗಲೂ ಟೈಪಿಂಗ್ ಎಂದು ಹೇಳಿ ಮಾತು ಮುಗಿಸುತ್ತಾರೆ.

“ಬಡಿಗ್ಯಾರು ಕಟಗಿ ಕೆತ್ತಿದ್ರ ಚಕ್ಕಿ ಬೀಳ್ತಾವು, ಮಂದಿಗೆ ಕಾಣ್ತಾವು. ನಾ ದಿನಾ ಕೆತ್ತಿದ್ರೂ ಏನೂ ಬೀಳೂದಿಲ್ಲ. ಹಂಗಾಗಿ ಇದು ಕೆಲಸ ಅಂತ ಯಾರಿಗೂ ಅನಸೂದಿಲ್ರಿ.”

ಅನ್ನಿಸುವಂತೆ ಮಾಡಿದ್ದು ಒಂದು ತೊಟ್ಟಿಲು.

ಕಲಘಟಗಿ ಪೇಟೆಯ ಕಾಶಿನಾಥ ಬಡಿಗೇರ ತೊಟ್ಟಿಲು ಮಾಡುವವರು. ಅರಗಿನ ಬಣ್ಣ ಹಚ್ಚಿದ, ಗಿಳಿ-ಹೂಬಳ್ಳಿ ಬರೆದ ತೊಟ್ಟಿಲು. ಒಂದಕ್ಕೆ ಒಂದೂವರೆ ತಿಂಗಳ ಕೆಲಸ. ಅರವತ್ತೈದರ ಈ ಕಾಕಾ ತಬಸುಮ್ ಅವರ ಮೊದಲ ಗಿರಾಕಿ. ಅವರು ಒಪ್ಪಿದ ಮೇಲೆಯೇ ಅದೇ ಪೇಟೆಯ ಇನ್ನೂ ಮೂರು ಅಂಗಡಿಯವರು ತಲೆಯಾಡಿಸಿದ್ದು. ಆದರೆ ಕಾಕಾನ ಒಪ್ಪಿಗೆಗೆ ಒಂದು ಗಂಟು ಇತ್ತು. ಜಿಲ್ಲೆಯ ಹೊರಗಿನ, ಮುಖ ನೋಡದ ಒಬ್ಬರಾದರೂ ಬಂದು ತೊಟ್ಟಿಲು ಒಯ್ಯಬೇಕು, ಹೋಳಿ ಹುಣ್ಣಿಮೆಯೊಳಗೆ. ಇಲ್ಲವಾದರೆ ವೆಬ್‌ಸೈಟ್ ಬಂದ್. ಕಾಕಾ ಬಿಟ್ಟರೆ ಆ ಮೂವರೂ ಬಿಡುತ್ತಾರೆ, ಬಿಟ್ಟ ಸುದ್ದಿ ನವಲಗುಂದ ಮುಟ್ಟಲು ಎರಡು ದಿನ ಸಾಕು. ತಬಸುಮ್ ಮತ್ತೆ ಝೆರಾಕ್ಸ್ ಯಂತ್ರದ ಮುಂದೆ ನಿಲ್ಲಬೇಕು.

ಕೆಲಸ ಸುರುವಾದಾಗ ಆ ವೆಬ್‌ಸೈಟ್ ಆರನೇ ಪುಟದಲ್ಲಿತ್ತು, ತೆರೆದುಕೊಳ್ಳಲು ಹದಿನಾಲ್ಕು ಸೆಕೆಂಡ್. ಅಷ್ಟರಲ್ಲಿ ಕೂಸು ಎದ್ದು ಅತ್ತು ಮತ್ತೆ ಮಲಗಬಹುದು. ದೊಡ್ಡ ಫೋಟೋಗಳನ್ನು ಕಿರಿದು ಮಾಡಿ ತಬಸುಮ್ ಅದನ್ನು ಮೂರಕ್ಕೆ ಇಳಿಸಿದರು. ನಕ್ಷೆಯಲ್ಲಿ ಅಂಗಡಿಯ ಗುರುತು ಒಂದು ಕೆರೆಯೊಳಗೆ ಬಿದ್ದಿತ್ತು, ಅದನ್ನೆತ್ತಿ ದಂಡೆಗೆ ತಂದರು. ಹೊಸ ಫೋಟೋ ತೆಗೆಯಲು ಹೋದಾಗ ಕಾಕಾನ ಹೆಂಡತಿ ಸಾವಂತ್ರೆವ್ವ ಅಡ್ಡ ನಿಂತರು: ಖಾಲಿ ತೊಟ್ಟಿಲು ತೋರಿಸಬಾರದು. ನಾಮಕರಣದಲ್ಲಿ ಕೂಸಿಗಿಂತ ಮೊದಲು ಗುಂಡಕಲ್ಲು ಮಲಗಿಸುವ ಪದ್ಧತಿಯಂತೆ, ಅಡುಗೆಮನೆಯ ಗುಂಡಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ಮಲಗಿಸಿದರು. ಫೋಟೋದಲ್ಲಿ ಏನಿದೆ ಎಂದು ಹುಡುಕುವ ಯಂತ್ರಕ್ಕೆ ಬರೆದು ತಿಳಿಸಬೇಕಲ್ಲ, ತಬಸುಮ್ ಪ್ರಾಮಾಣಿಕವಾಗಿ ಗುಂಡಕಲ್ಲು ಎಂದೂ ಬರೆದರು. ಮುಂದಿನ ವಾರ ಕಾಕಾಗೆ ಮೂರು ಫೋನು. ಮೂರೂ ಒರಳು-ಗುಂಡಕಲ್ಲು ಬೇಕೆಂದು.

“ನನ್ನ ತಪ್ಪ ಅದು” ಎಂದು ಒಪ್ಪಿಕೊಳ್ಳುತ್ತಾರೆ ತಬಸುಮ್. “ಕಾಕಾ ಅಂದ್ರು, ಯವ್ವಾ, ಇನ್ನೊಂದ ಫೋನ್ ಬಂದ್ರ ನಾ ಕಟಗಿ ಬಿಟ್ಟ ಕಲ್ಲ ಕಡ್ಯಾಕ ಹೋಗ್ತೇನಿ ಅಂತ.”

ಬೆಳಗಿನ ಪಟ್ಟಿಯೇ ದಾರಿ ತೋರಿಸಿತು. ತೊಟ್ಟಿಲು ಹುಡುಕುವವರು ಬೆಲೆ ಕೇಳುತ್ತಿರಲಿಲ್ಲ, ಬಣ್ಣ ಕೇಳುತ್ತಿರಲಿಲ್ಲ. ಹನ್ನೆರಡು ದಿನದಲ್ಲಿ ತೊಟ್ಟಿಲು ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಕೂಸು ಹುಟ್ಟದೆ ತೊಟ್ಟಿಲು ಮನೆಗೆ ತರುವುದು ಈ ಸೀಮೆಯಲ್ಲಿ ಅಶುಭ. ಹುಟ್ಟಿದ ಮೇಲೆ ನಾಮಕರಣಕ್ಕೆ ಇರುವುದು ಹನ್ನೆರಡೋ ಹದಿಮೂರೋ ದಿನ. ಕಾಕಾಗೆ ಬೇಕಾದದ್ದು ಒಂದೂವರೆ ತಿಂಗಳು. ಈ ಎರಡರ ನಡುವಿನ ಸಂದಿಯಲ್ಲಿ ಗಿರಾಕಿಗಳೆಲ್ಲ ಕಾರ್ಖಾನೆಯ ಕಬ್ಬಿಣದ ತೊಟ್ಟಿಲಿಗೆ ಹೋಗುತ್ತಿದ್ದರು.

ತಬಸುಮ್ ಕಾಕಾನ ಮುಂದೆ ಕುಳಿತು ಒಂದೇ ಪ್ರಶ್ನೆ ಕೇಳಿದರು: ಹುಟ್ಟುವ ಮೊದಲೇ ತೊಟ್ಟಿಲು ಹೇಳಿ ಮಾಡಿಸಬಹುದೇ? ಕಾಕಾ ಉಳಿ ಕೆಳಗಿಡದೆ ಉತ್ತರಿಸಿದರು. ಅದನ್ನು ಒಂದಕ್ಷರ ತಿದ್ದದೆ ಹೊಸ ಪುಟ ಮಾಡಿ ಹಾಕಿದರು ತಬಸುಮ್.

“ಹೇಳಬಹುದು, ಒಯ್ಯಬಾರದು. ಕೂಸು ಭೂಮಿಗೆ ಬರೂಮಟಾ ತೊಟ್ಟಿಲ ನಮ್ಮಲ್ಲೇ ಇರತೈತಿ. ಬಂದತಿ ಅಂತ ನೀವ ಹೇಳಬೇಕು, ನಾವು ಕೇಳೂದಿಲ್ಲ.”

ನಲವತ್ತು ದಿನದಲ್ಲಿ ಆ ಪ್ರಶ್ನೆ ಕೇಳಿದವರಿಗೆಲ್ಲ ಮೊಟ್ಟಮೊದಲು ಕಾಣುವ ಉತ್ತರ ಅದೇ ಆಯಿತು. ಹಾಗೆಂದು ಕಥೆ ಸುಖಾಂತವಾಗುವಷ್ಟರಲ್ಲಿ ಹಾರೂನ್ ಬಂದರು.

ಹಾರೂನ್ ಕಾಕಾನ ಬಾಲ್ಯದ ಗೆಳೆಯ, ಪಕ್ಕದಂಗಡಿಯಲ್ಲಿ ತೊಟ್ಟಿಲಿಗೆ ಗಾದಿ ತುಂಬಿ ಹೊಲಿಯುವವರು. ಅರಳೆ ಹಿಂಜುವಷ್ಟೇ ಸಲೀಸಾಗಿ ಕಂಡವರ ದನಿಯನ್ನೂ ಹಿಂಜಿ ತೆಗೆಯುತ್ತಾರೆ. ಕಂಡಕ್ಟರು, ಸಂತೆಯ ಬಾಳೆಹಣ್ಣಿನವಳು, ಲೌಡ್‌ಸ್ಪೀಕರಿನ ಗಂಟಲು, ಯಾವುದಾದರೂ ಸರಿ, ಥೇಟ್ ಹಾಗೇ ಅಣಕಿಸುತ್ತಾರೆ. ಒಂದು ದಿನ ಮೊಮ್ಮಗನ ಫೋನಿನಿಂದ ಸೊಲ್ಲಾಪುರದ ಸಾಹುಕಾರತಿಯಾಗಿ ಕಾಕಾಗೆ ಫೋನು ಮಾಡಿದರು: ಅವಳಿ ಮಕ್ಕಳಿಗೆ ಎರಡಂತಸ್ತಿನ ತೊಟ್ಟಿಲು ಬೇಕು, ಸಂಜೆಗೆ ಬರುತ್ತೇವೆ. ಕಾಕಾ ಅಂಗಡಿ ಗುಡಿಸಿ, ನೀರು ಹೊಡೆದು, ಹೊಸ ಧೋತರ ಉಟ್ಟು ಕುಳಿತರು. ಸಂಜೆ ಹಾರೂನ್ ಒಳಗೆ ಬಂದು, ಮೇಲಿನಂತಸ್ತು ತನಗೆ, ಕೆಳಗಿನದು ಕಾಕಾಗೆ ಎಂದರು.

ಎಂಟು ದಿನದ ಮೇಲೆ ಸೊಲ್ಲಾಪುರದಿಂದಲೇ ಇನ್ನೊಂದು ಫೋನು ಬಂತು. ಅದೇ ಮರಾಠಿ ಬೆರೆತ ಎಳೆತ, ಅದೇ ಗತ್ತು. ಕಾಕಾ ಪೂರಾ ಕೇಳಲೇ ಇಲ್ಲ.

“ಲೇ ಹಾರೂನ್ಯಾ, ಒಮ್ಮಿ ಬಿದ್ದ ತಗ್ಗಿನ್ಯಾಗ ಕುಡ್ಡನೂ ಎರಡನೇ ಸಲ ಬೀಳೂದಿಲ್ಲ. ಇಡಲೇ ಫೋನ.”

ಮರುದಿನ ನಸುಕಿನಲ್ಲಿ ಮಾಳಿಗೆಯ ಮೇಲೆ ತಬಸುಮ್‌ಗೆ ವೆಬ್‌ಸೈಟ್ ಮೂಲಕ ಒಂದು ಸಂದೇಶ ಸಿಕ್ಕಿತು. ಬರೆದವರು ನಾಗರತ್ನಾ, ಸೊಲ್ಲಾಪುರ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮಗಳ ಚೊಚ್ಚಲ ಬಾಣಂತನಕ್ಕೆ ತವರಿನ ತೊಟ್ಟಿಲು ಬೇಕಾಗಿದೆ. ನಿಮ್ಮ ಉತ್ತರ ಓದಿ ಸಮಾಧಾನವಾಯಿತು. ಆದರೆ ಫೋನು ಎತ್ತಿದವರು ನನ್ನನ್ನು ಹಾರೂನ್ಯಾ ಎಂದರು, ಇದು ಸರಿಯಾದ ಅಂಗಡಿಯೇ?

ಚಹಾ ಕುಡಿಯದೆ ಬಸ್ಸು ಹತ್ತಿದರು ತಬಸುಮ್. ಕಾಕಾ ಸಂದೇಶ ಓದಿ, ಹಾರೂನ್ಯಾ ಟೈಪಿಂಗನ್ನೂ ಕಲಿತನೇ ಎಂದು ಕೇಳಿದರು. ಹಾರೂನ್ ಆಣೆ ಮಾಡಿದರು; ಅವರ ಆಣೆಗೆ ಪೇಟೆಯಲ್ಲಿ ಹಿಂದಿನಿಂದಲೂ ಬೆಲೆಯಿಲ್ಲ. ತಬಸುಮ್ ತಾವೇ ನಂಬರು ಒತ್ತಿ ಕಾಕಾನ ಕೈಗೆ ಕೊಟ್ಟರು. ಹಾರೂನ್ ಎದುರಿಗೇ ಬಾಯಿಗೆ ಕೈಯಿಟ್ಟು ಕುಳಿತಿದ್ದರೂ ಕಾಕಾನ ಅನುಮಾನ ಹೋಗಲೊಲ್ಲದು. ಮನುಷ್ಯ ಬೇರೆಯವರಿಗೂ ಕಲಿಸಿಟ್ಟಿರಬಹುದಲ್ಲ?

“ನೀವು ಖರೇನ ಅಜ್ಜಿ ಆಗೂವ್ರಿದ್ರ ಒಂದ ಜೋಗುಳ ಹಾಡ್ರಿ” ಎಂದರು.

ತಬಸುಮ್ ಕಣ್ಣು ಮುಚ್ಚಿಕೊಂಡರಂತೆ: ಮುಗೀತು, ಆರು ತಿಂಗಳ ಕೆಲಸ ನೀರಾಗ ಹೋತು ಎಂದು. ಅಷ್ಟರಲ್ಲಿ ಫೋನಿನಿಂದ ಹಾಡು ಬಂತು. ನಡುಗುವ ದನಿ, ಸಂಕೋಚ, ಆದರೆ ತಾಳ ತಪ್ಪದ ಜೋಗುಳ. ಎರಡನೇ ನುಡಿಗೆ ಸಾವಂತ್ರೆವ್ವ ಒಳಗಿನಿಂದ ಬಂದು ನಿಂತರು. ಕಾಕಾ ತಲೆಯ ಟೋಪಿ ತೆಗೆದರು. ಆಮೇಲೆ, ತಮ್ಮನ್ನು ಕಾಶ್ಯಾ ಎನ್ನುವ ಗೆಳೆಯನ ದನಿಯಾಟವನ್ನೆಲ್ಲ ಹೇಳಿ, ಅವರು ಕೇಳಿದ ಕ್ಷಮೆಯನ್ನು ಎಣಿಸಿದವರಿಲ್ಲ.

ತೊಟ್ಟಿಲು ಸಿದ್ಧವಾಯಿತು. ಬಿಳಿ ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟರು. ನಾಗರತ್ನಾ ಅವರು ಹೇಳಿದ್ದ ಹೆರಿಗೆಯ ದಿನ ಬಂತು, ಹೋಯಿತು. ಸುದ್ದಿಯಿಲ್ಲ. ಹೋಳಿ ಹತ್ತಿರಾಯಿತು. ಕೂಸಾಯಿತೇ ಎಂದು ಕೇಳುವಂತಿಲ್ಲ. ಕೇಳುವುದಿಲ್ಲ ಎಂದು ಊರಿಗೆಲ್ಲ ಕಾಣುವಂತೆ ಬರೆದು ಹಾಕಿದ್ದು ತಬಸುಮ್ ಅವರೇ. ದಿನಾ ನಸುಕಿನಲ್ಲಿ ಪಟ್ಟಿ ತೆರೆದು ಸೊಲ್ಲಾಪುರದ ಸಾಲು ನೋಡುತ್ತಿದ್ದರು. ಅಲ್ಲಿಂದ ಯಾರೂ ಬಂದಿರಲಿಲ್ಲ.

“ಪಂಥ ಸೋತರ ಸೋಲಲಿ ಅನಸ್ತಿತ್ರಿ. ಆ ಮಗಳಿಗೆ ಏನೂ ಆಗದಿದ್ರ ಸಾಕಿತ್ತು” ಎನ್ನುತ್ತಾರೆ. ಒಂದು ಬೆಳಿಗ್ಗೆ ಕಾಕಾಗೂ ಇದನ್ನೇ ಹೇಳಿದರು, ಬೇಕಾದರೆ ವೆಬ್‌ಸೈಟ್ ಇವತ್ತೇ ತೆಗೆಯುತ್ತೇನೆಂದರು. ಹುಣ್ಣಿಮೆ ಇನ್ನೂ ಬಂದಿಲ್ಲ ಎಂದು ಕಾಕಾ ಕಟ್ಟಿಗೆ ಹೆರೆಯುವ ರಂದೆ ಎತ್ತಿಕೊಂಡರು.

ಮಾತಿನ ನಡುವೆ ಮುಂದಿನ ಆಸೆ ಕೇಳಿದರೆ ತಬಸುಮ್ ದೊಡ್ಡದೇನೂ ಹೇಳುವುದಿಲ್ಲ. ತಮ್ಮದೇ ಹೆಸರಿನ ಒಂದು ಪುಟ ಮಾಡಿಕೊಳ್ಳಬೇಕು, ಹನ್ನೊಂದು ಅಂಗಡಿಗಳ ಗದ್ದಲದಲ್ಲಿ ಪುರುಸೊತ್ತಾಗಿಲ್ಲ. ತಂಬೂರಿನಲ್ಲಿ ಈ ಕೆಲಸ ಮಾಡುವವರು ಯಾರೆಂದು ಹುಡುಕಿದರೆ ಏನೂ ಸಿಗುವುದಿಲ್ಲ. “ಅಂಬಲಿ ಮಾಡಾಕಿ ಕಡೀಕ ಉಣ್ಣತಾಳಲ್ರಿ, ಹಂಗ” ಎಂದು ನಗುತ್ತಾರೆ. ಟ್ರೇಲರ್ ರಿಪೇರಿಯವರಿಗೆ ಜಾರ್ಖಂಡಿನಿಂದ ಫೋನು ಬಂದದ್ದನ್ನು ಮಾತ್ರ ಎರಡು ಸಲ ಹೇಳುತ್ತಾರೆ.

ಹೋಳಿ ಹುಣ್ಣಿಮೆಗೆ ಎರಡು ದಿನ ಮೊದಲು, ಬೆಳಿಗ್ಗೆ ಹತ್ತರ ಸುಮಾರಿಗೆ, ಕಾಕಾನ ಅಂಗಡಿಯಲ್ಲಿ ಮೂವರಿದ್ದರು. ಕಾಕಾ, ತಬಸುಮ್, ಬಶಿಯಲ್ಲಿ ಚಹಾ ಸುರಿದುಕೊಂಡು ಕುಳಿತ ಹಾರೂನ್. ಫೋನು ಬಡಿದುಕೊಂಡಿತು, ಗೊತ್ತಿಲ್ಲದ ನಂಬರು. ಕಾಕಾ ಎತ್ತಿದರು. ಆ ಕಡೆಯಿಂದ ಗೊಗ್ಗರು ದನಿ:

“ಲೇ ಕಾಶ್ಯಾ, ಹೊರಗ ತಗಿ ನಿನ್ನ ತೊಟ್ಟಿಲ.”

ಅರವತ್ತೈದು ವರ್ಷದ ಕಾಶಿನಾಥ ಬಡಿಗೇರರನ್ನು ಹಾಗೆ ಕರೆಯುವ ಜೀವ ಪೇಟೆಯಲ್ಲಿ ಒಂದೇ. ಕಾಕಾ ಬಾಯಿಗೆ ಬಂದದ್ದನ್ನೆಲ್ಲ ಬೈಯತೊಡಗಿದರು. ಹಾರೂನ್‌ರ ಅಜ್ಜನ ಕಾಲದಿಂದ ಸುರುಮಾಡಿ ಅವರ ಗಾದಿಯ ಅರಳೆಯವರೆಗೆ. ಬೈಯುತ್ತ ಬೈಯುತ್ತ ಕಣ್ಣು ಎದುರಿಗೆ ಬಿತ್ತು. ಹಾರೂನ್ ಬಶಿಯನ್ನು ತುಟಿಗೆ ಹಚ್ಚಿಕೊಂಡು, ತಮ್ಮ ವಂಶಾವಳಿಯನ್ನು ಭಕ್ತಿಯಿಂದ ಕೇಳುತ್ತಿದ್ದರು. ಕಾಕಾ ಹಾರೂನ್‌ರನ್ನು ನೋಡಿದರು, ಫೋನನ್ನು ನೋಡಿದರು, ಮತ್ತೆ ಹಾರೂನ್‌ರನ್ನು ನೋಡಿದರು.

ಬಾಗಿಲಲ್ಲಿ ಬಿಳಿಗೂದಲಿನ, ಇಳಕಲ್ಲ ಸೀರೆಯ ಹೆಂಗಸೊಬ್ಬರು ಫೋನು ಕಿವಿಗೆ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಪೇಢೆಯ ಪೊಟ್ಟಣ.

“ಹೆಣ್ಣ ಕೂಸ್ರಿ. ಹತ್ತ ದಿನ ಆತು” ಎಂದರು ನಾಗರತ್ನಾ, ಈಗ ತಮ್ಮದೇ ದನಿಯಲ್ಲಿ. “ದವಾಖಾನಿ ಗಡಿಬಿಡಿ ಒಳಗ ಹೇಳೂದಾಗಲಿಲ್ಲ. ಅವತ್ತ ನೀವು ಬೈದದ್ದಕ್ಕ ಒಂದ ಬಾಕಿ ಇತ್ತಲ್ರಿ, ಅದನ್ನ ಮೊದಲ ಮುಟ್ಟಿಸಿದೆ.”

ತಬಸುಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹಾರೂನ್ ನಕ್ಕು ಚಹಾ ಚೆಲ್ಲಿಕೊಂಡರು, ಗದ್ದಲ ಕೇಳಿ ಒಳಗಿನಿಂದ ಬಂದ ಸಾವಂತ್ರೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆದರೆ ಅಕ್ಕಪಕ್ಕದ ಅಂಗಡಿಯವರು ಕೆಲಸ ಬಿಟ್ಟು ಓಡಿಬಂದದ್ದು ಅವರ ನಗು ಕೇಳಿ ಅಲ್ಲ. ಹೊದಿಸಿದ ಬಿಳಿ ಬಟ್ಟೆಯನ್ನು ಜಗ್ಗಿ ತೆಗೆದು, ತೊಟ್ಟಿಲಿನ ಅಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ಕಾಕಾ ನಗುತ್ತಿದ್ದರು.