ಏಳು ವಕೀಲರು, ಒಂದು ನಾಲೆ

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಾನು ಒಂದು ಸಲ ಡುಮ್ಕಿ ಹೊಡೆದಿದ್ದೆ. ಎರಡನೇ ಸಲವೂ ಸೀಟು ಸಿಗದಿದ್ದರೆ ತೆಪ್ಪಗೆ ಭಾರತೀನಗರದಲ್ಲೇ ಯಾವುದಾದರೂ ಡಿಗ್ರಿಗೆ ಸೇರುವುದು ಎಂದು ಮನೆಯಲ್ಲಿ ಒಪ್ಪಂದವಾಗಿತ್ತು. ನನಗೋ ವಕೀಲೆಯಾಗುವ ಹಟ. ಜಗಳ ಆಡುವುದು ನನಗೆ ಹೇಳಿಮಾಡಿಸಿದ ಕೆಲಸ ಎಂದು ಅವ್ವ ಎಷ್ಟೋ ಸಲ ಹೇಳಿದ್ದಳು, ಹೊಗಳುವುದಕ್ಕಲ್ಲ.

ನನ್ನ ಪ್ರಾಣ ತಿನ್ನುತ್ತಿದ್ದುದು ಸರದಿಯ ಪ್ರಶ್ನೆಗಳು. ಏಳು ವಕೀಲರು ಒಬ್ಬರಾದ ಮೇಲೆ ಒಬ್ಬರು ವಾದ ಮಾಡುತ್ತಾರೆ, ಇವನು ಅವನಿಗಿಂತ ಮೊದಲು, ಮತ್ತೊಬ್ಬ ಕೊನೆಯವನಲ್ಲ, ಹಾಗಾದರೆ ಮೂರನೆಯವನು ಯಾರು? ನಾನು ಏಳು ಚೌಕ ಬರೆದು ತುಂಬುತ್ತಿದ್ದೆ. ಪ್ರತಿ ಸಲವೂ ಒಬ್ಬ ವಕೀಲ ಜಾಗವಿಲ್ಲದೆ ಹೊರಗೆ ನಿಂತಿರುತ್ತಿದ್ದ.

ಒಂದು ಭಾನುವಾರ ನಾಲೆ ಏರಿಯ ಮೇಲೆ ಓದುತ್ತಾ ಕೂತವಳು ರೇಗಿ ಪೆನ್ಸಿಲ್ ಎಸೆದೆ. ಅಪ್ಪ ಊರಿನ ನೀರುಗಂಟಿ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು ಎನ್ನುವುದು ಅವನ ಕೆಲಸ. ಕಡೇ ಗದ್ದೆಗೆ ನೀರು ಮುಟ್ಟುವವರೆಗೆ ಅವನು ಊಟಕ್ಕೆ ಕೂರುತ್ತಿರಲಿಲ್ಲ. ಪೆನ್ಸಿಲ್ ಎತ್ತಿಕೊಂಡು ಬಂದು, ನನ್ನಿಂದ ಪ್ರಶ್ನೆ ಓದಿಸಿ, ಚೌಕ ನೋಡಿ ನಕ್ಕ.

"ಅಲ್ಲ ಕಣವ್ವ, ಈ ಇಬ್ರುನ್ನೂ ಯಾಕಿಂಗೆ ಅಂಟಿಸಿದ್ದೀಯೆ? ಮಧ್ಯದಾಗೆ ಇನ್ನೆರಡು ಗದ್ದೆ ಇರಬಾರ್ದಾ?"

ನಮ್ಮ ಗದ್ದೆ ತುಂಬಿದರೆ ಬದುವಿನಾಚೆಯ ಗದ್ದೆಗೇ ನೀರು ಹೋಗುವುದನ್ನು ಕಂಡು ಬೆಳೆದವಳು ನಾನು. ಅದಕ್ಕೇ 'ಮೊದಲು' ಎಂದರೆ ಪಕ್ಕದಲ್ಲೇ ಎಂದುಕೊಂಡು ಎಲ್ಲರನ್ನೂ ಮಗ್ಗುಲಿಗೆ ತಂದು ಕೂರಿಸುತ್ತಿದ್ದೆ.

ಅಪ್ಪ ಕಡ್ಡಿಯಿಂದ ಮಣ್ಣಿನಲ್ಲಿ ಉದ್ದಕ್ಕೊಂದು ಗೆರೆ ಎಳೆದ. ಅದು ನಾಲೆ. ಮೊದಲಿನವನನ್ನು ಮೇಲೆ, ಇನ್ನೊಬ್ಬನನ್ನು ಕೆಳಗೆ ಇಟ್ಟು ನಡುವೆ ಧಾರಾಳವಾಗಿ ಜಾಗ ಬಿಟ್ಟ.

"ಯಾರು ಎಲ್ಲವ್ರೆ ಅಂತ ಉಡುಕಬ್ಯಾಡ. ಯಾರು ಎಲ್ಲಿ ಇರಾಕಾಗಲ್ಲ, ಅದ ನೋಡು. ನನ್ನ ತಾವ ಎಲ್ರೂ 'ನಂಗೇ ಮೊದ್ಲು' ಅಂತ್ಲೇ ಬರೋದು."

ಐದು ನಿಮಿಷದಲ್ಲಿ ಏಳೂ ಜನ ತಮ್ಮ ತಮ್ಮ ಜಾಗದಲ್ಲಿ ಕೂತರು. ನನಗೆ ಖುಷಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಪರೀಕ್ಷೆಯಲ್ಲಿ ಹಾಳೆಯ ತುಂಬ ನಾಲೆಗಳನ್ನೇ ಎಳೆದು ಬಂದೆ. ಮೊದಲ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಎರಡನೆಯದರಲ್ಲೂ ಇಲ್ಲ. ಅವ್ವ ಡಿಗ್ರಿ ಕಾಲೇಜಿನ ಅರ್ಜಿ ತರಿಸಿಟ್ಟಳು. ಮೂರನೇ ಪಟ್ಟಿ ಬಂದಾಗ ನಾನು ಮಂಡ್ಯದ ಬಸ್ ನಿಲ್ದಾಣದಲ್ಲಿದ್ದೆ. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ.

"ಸೀಟು ಸಿಕ್ತಪ್ಪ. ಆದ್ರೆ ಪಟ್ಟೀಲಿ ಎಲ್ಲರಿಗಿಂತ ಕಡೇ ಹೆಸರು ನಂದೇ," ಎಂದೆ. ನಾಚಿಕೆಯಾಗಿತ್ತು.

ಆ ಕಡೆಯಿಂದ ನಾಲೆಯ ಸದ್ದು ಕೇಳಿಸುತ್ತಿತ್ತು.

"ಕಡೇದುಕ್ಕೂ ನೀರು ಮುಟ್ತಲ್ಲ, ಬುಡು," ಎಂದ ಅಪ್ಪ. "ನಿಮ್ಮವ್ವಂಗೆ ಮುದ್ದೆಗೆ ಎಸರಿಡಾಕೆ ಯೋಳ್ತೀನಿ. ಬಿರ್ನೆ ಬಾ, ಉಣ್ಣಾನ."