ಟಿಟ್ಟಿಭ ಎರಗಿದ ಜಾಗ

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಅಷ್ಟೆ.

ಅಣ್ಣ ಇದ್ದ ಕೊನೆಯ ಭಾನುವಾರ ನಾವಿಬ್ಬರೂ ಬಾಯಾರಿನ ಪದವಿಗೆ, ಗುಡ್ಡದ ಮೇಲಿನ ಆ ಬೋಳು ಕಲ್ಲುಬಯಲಿಗೆ, ಹೋಗಿದ್ದೆವು. ಅವನಿಗೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು. ದುಬೈಯಿಂದ ರಜೆಯಲ್ಲಿ ಬಂದಿದ್ದ ಅವನ ಗೆಳೆಯ, ಉಪ್ಪಳದ ಹಮೀದ್‌ಕ, ಎರಡು ಟೆಲಿ ಲೆನ್ಸ್ ಕೊಟ್ಟು, ನೋಡಿ ಒಂದನ್ನು ಇಟ್ಟುಕೋ ಎಂದಿದ್ದರು. ಚಿಕ್ಕದು ಹಗುರ, ಆದರೆ ದೂರಕ್ಕೆ ಎಟುಕದು. ದೊಡ್ಡದರಲ್ಲಿ ಟಿಟ್ಟಿಭ ಹಕ್ಕಿಯ ಕಣ್ಣೂ ಕಾಣುತ್ತಿತ್ತು, ಆದರೆ ಕೈ ಸೋಲುತ್ತಿತ್ತು. ಸಂಜೆಯಾದರೂ ಅವನಿಗೆ ತೀರ್ಮಾನವಾಗಲಿಲ್ಲ.

ಹೊರಡುವಾಗ ದೊಡ್ಡದನ್ನು ಹಾಕಿದ ಕ್ಯಾಮೆರಾ ನನಗೆ ಕೊಟ್ಟ. “ನನ್ನದೊಂದು ತೆಗಿ ಮಾರಾಯ್ತಿ. ಎಲ್ಲ ಹಕ್ಕಿಗಳದ್ದೇ ಆಯ್ತು.”

ಲೆನ್ಸ್ ಗುರ್ರೆಂದು ತಡಕಾಡಿತೇ ಹೊರತು ಫೋಕಸ್ ಹಿಡಿಯಲಿಲ್ಲ.

“ಅದಕ್ಕೆ ಹತ್ತಿರದವರು ಕಾಣುದಿಲ್ಲ. ನಾನು ಹಿಂದೆ ಹೋಗ್ಬೇಕು” ಎಂದ.

“ಹೋಗು ಮತ್ತೆ. ದೂರ ಹೋದಷ್ಟೂ ಚಂದ ಕಾಣ್ತಿ.”

ನಗುತ್ತಾ ಹಿಂದೆ ಹಿಂದೆ ನಡೆದ. ಅಷ್ಟರಲ್ಲಿ ಟಿಟ್ಟಿಭವೊಂದು ಕೂಗುತ್ತಾ ಎದ್ದಿತು. “ನನ್ನದು ಮತ್ತೆ ತೆಗೆದರಾಯ್ತು” ಎಂದು ಓಡಿಬಂದು, ಕ್ಯಾಮೆರಾ ಕಿತ್ತುಕೊಂಡು ಹಕ್ಕಿಯ ಹಿಂದೆ ಓಡಿದ. ಆ ವಾರವೇ ಅವನ ಹೃದಯ ನಿಂತಿತು. ಬೊಜ್ಜದ ದಿನ, ಅವನ ಉತ್ತರಕ್ರಿಯೆಗೆ, ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿಸಿ ಇಟ್ಟೆವು. ಅದು ಯಾರದೋ ಮುಖದಂತಿತ್ತು.

ಹಮೀದ್‌ಕ ದುಬೈಗೆ ಮರಳುವವರಿದ್ದರು. ಒಂದು ಲೆನ್ಸ್ ನಿಮ್ಮಲ್ಲೇ ಇರಲಿ, ಯಾವುದೆಂದು ಹೇಳು ಎಂದರು. ಅಣ್ಣ ಯಾವುದನ್ನು ಆರಿಸುತ್ತಿದ್ದನೋ! ಕೂತಲ್ಲಿ ಕೂರಲಾಗದೆ, ಒಂದು ಸಂಜೆ ದೊಡ್ಡದನ್ನು ಹಿಡಿದು ಒಬ್ಬಳೇ ಪದವಿಗೆ ಹೋದೆ.

ದೂರದ ಮುರಕಲ್ಲೊಂದಕ್ಕೆ ಗುರಿ ಹಿಡಿದೆ. ಲೆನ್ಸ್ ಕಲ್ಲನ್ನು ಬಿಟ್ಟು ಹತ್ತಿರಕ್ಕೆ ಬಂದು, ಪೀಪ್ ಎಂದು ನಿಂತಿತು. ತಲೆಯೆತ್ತಿ ನೋಡಿದರೆ ಎದುರಿಗೆ ಬರೀ ಬಯಲು. ಮತ್ತೆ ಒತ್ತಿದೆ. ಮತ್ತೆ ಅಲ್ಲೇ.

ಆಗ ಎರಡು ಟಿಟ್ಟಿಭಗಳು ಕಿರುಚುತ್ತಾ ಬಂದವು. ಮೊಟ್ಟೆಯ ಹತ್ತಿರ ಮನುಷ್ಯರು ಸುಳಿದರೆ ಅವು ಹಾಗೆ ಎರಗುತ್ತವೆ. ನನ್ನ ಮೇಲೆ ಎರಗಲಿಲ್ಲ. ಆ ಖಾಲಿ ಜಾಗದ ಮೇಲೆ, ಆಳಿನ ತಲೆಯೆತ್ತರದಲ್ಲಿ ಎರಗಿದವು. ಎರಗುತ್ತಾ ಎರಗುತ್ತಾ ನನ್ನಿಂದ ಹಿಂದೆ ಹಿಂದೆ ಸರಿದವು. ಲೆನ್ಸ್‌ನ ಫೋಕಸ್ ಕೂಡ ಅವುಗಳ ಜೊತೆಗೇ ಸರಿಯಿತು. ಫೋಟೊ ತೆಗೆದೆ.

ಹಮೀದ್‌ಕ ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ಹಿಂದಿನ ಬಯಲೆಲ್ಲ ಮಸುಕು, ಮುಂದೆ ಏನೂ ಇಲ್ಲ.

“ಎದುರಿಗೆ ಎಂತಾದರೂ ಇಲ್ಲದೆ ಅದು ಫೋಕಸ್ ಹಿಡಿಯುದಿಲ್ಲ ತಂಗಿ” ಎಂದರು. ಮತ್ತೆ, ಲೆನ್ಸ್ ಹಾಳಾಗಿರಬೇಕು ಎಂದು ಪರೀಕ್ಷಿಸಿದರು. ಹಾಳಾಗಿರಲಿಲ್ಲ.

ದೊಡ್ಡದನ್ನೇ ಇಟ್ಟುಕೊಂಡೆ. ವರ್ಷಗಳಾದವು, ಎಷ್ಟೋ ಸಂಜೆ ಪದವಿಗೆ ಹೋಗಿ ಬಂದೆ. ಲೆನ್ಸ್ ಈಗ ಕಲ್ಲನ್ನು ಹಿಡಿಯುತ್ತದೆ, ಹಕ್ಕಿಯನ್ನು ಹಿಡಿಯುತ್ತದೆ. ಅಣ್ಣನ ಒಂದು ಸರಿಯಾದ ಫೋಟೊ ನಮ್ಮ ಮನೆಯಲ್ಲಿ ಇನ್ನೂ ಇಲ್ಲ.